ಒಂದೂವರೆ ಮೊಳ

ಕುಷ್ಟಗಿಯ ಹಳೇ ಬಸ್‌ನಿಲ್ದಾಣದ ಹಿಂಗೋಡೆಗೆ
ಒಂದು ಸರಪಳಿ ಜೋತುಬಿದ್ದಿದೆ.
ತುದಿಗೆ ಏನೂ ಇಲ್ಲ.
ಆಡು ಕಟ್ಟಲು ಗಿಡ್ಡ, ಬೀಗಕ್ಕೆ ಉದ್ದ.
ಮಿರ್ಚಿ ಕರಿಯುವ ಹುಡುಗ ಅದಕ್ಕೆ
ಕೈ ಒರೆಸುವ ಅರಿವೆ ಸಿಗಿಸುತ್ತಾನೆ.

ಅದು ಯಾತರ ಸರಪಳಿಯೆಂದು ನನಗೆ ಗೊತ್ತು.
ನಮ್ಮಪ್ಪ ಹುಲಿಗೆಪ್ಪ, ಪುರಸಭೆಯ ವಾಲ್ವ್‌ಮನ್.

ಅದಕ್ಕೂ ಮೊದಲು ಊರಿಗೆ ನಳವೇ ಇರಲಿಲ್ಲ ಅಂತಿದ್ದ.
ಬೇವಿನ ನೆರಳಿಗೆ ಚಪ್ಪರ, ಹಸಿ ಉಸುಕಿನ ಮೇಲೆ ಮೂರು ಹರವಿ,
ಬಾಯಿಗೆ ತೊಯ್ಸಿದ ಬಟ್ಟೆ.
ಯುಗಾದಿಯಿಂದ ಮಿರಗದ ಮಳೆತನಕ
ಅಡತಿ ಅಂಗಡಿಯ ಮರ್ತೂರ ಸಾಹುಕಾರರ ಅರವಟ್ಟಿಗೆ.
ನೀರು ಕೊಡುವವಳು ಶಂಕ್ರವ್ವ,
ದಿನಕ್ಕೆರಡು ಸೇರು ಜೋಳ ಪಗಾರ.
ಬಂದವರಿಗೆ ತಂಬಿಗೆ.
ಕೆಲವರಿಗೆ ಬಿದಿರಿನ ದೋಣಿ.
ಮೇಲಿನಿಂದ ಆಕೆ ಸುರಿಯಬೇಕು,
ಮಾರು ದೂರ ಕುಕ್ಕರಗಾಲಲ್ಲಿ ಕೂತು
ಬೊಗಸೆ ಒಡ್ಡಬೇಕು ನಮ್ಮಜ್ಜ.
ಬೊಗಸೆಯಿಂದ ಮೊಣಕೈಗೆ, ಮೊಣಕೈಯಿಂದ ನೆಲಕ್ಕೆ.
‘ಸಾವ್ಕಾರ್ರ ಪುಣ್ಯದಾಗ ಅರ್ಧ ಇರುವಿ ಪಾಲು’
ಅಂತ ಅಜ್ಜ ನಗುತ್ತಿದ್ದನಂತೆ.
ಎಂಥ ನಗು ಎಂದು ಕೇಳಿದರೆ
ಅಪ್ಪ ಬೀಡಿ ಹಚ್ಚುತ್ತಿದ್ದ.

ಮೊಹರಮ್ಮಿಗೆ ಗೌಸುಮಿಯಾ ಸಬೀಲು ಇಡುತ್ತಿದ್ದ:
ತಾಮ್ರದ ಹಂಡೆ, ಬೆಲ್ಲದ ಪಾನಕ,
ಕಲಾಯಿ ಹೊಡೆಸಿದ ಒಂದೇ ಬಟ್ಟಲು. ಯಾರು ಬಂದರೂ ಅದೇ.
ಹತ್ತು ದಿನ.
ಉಳಿದ ಮುನ್ನೂರ ಐವತ್ತೈದು ದಿನ
ಅಜ್ಜ ಆ ಬಟ್ಟಲಿನ ಮಾತಾಡುತ್ತಿದ್ದ.

ನಳ ಬಂದದ್ದು ಅಪ್ಪ ನೌಕರಿಗೆ ಸೇರಿದ ವರ್ಷ.
ಸಿಮೆಂಟು ಕಟ್ಟೆ, ಹಿತ್ತಾಳೆಯ ನಾಲ್ಕು ತೋಟಿ,
ನೆತ್ತಿಯ ಮೇಲೆ ‘ಸಾರ್ವಜನಿಕರಿಗಾಗಿ’,
ಕೆಂಪು ಬಣ್ಣ ನಡುವೆ ಮುಗಿದು ‘ಜ’ ಒಂದೇ ಹಸಿರು.
ಮೊದಲ ಲೋಟ ಮೂರು ದಿನ ಉಳಿಯಿತು.
ಎರಡನೆಯದು ಸಂಜೆಯತನಕ.
ಮುಖ್ಯಾಧಿಕಾರಿ ಬರೆದರು: ಸರಪಳಿ, ಎರಡು ಮೊಳ, ತಕ್ಷಣ.

ಕಂಬಾರ ಮೌನೇಶಿಯ ಕುಲುಮೆಯ ಮುಂದೆ ಕೂತು
ಅಪ್ಪ ಹೇಳಿದ ಅಳತೆ ಒಂದೂವರೆ.
ಕಬ್ಬಿಣ ಉಳಿಸಲಿಕ್ಕಲ್ಲ.
ಎರಡು ಮೊಳವಾದರೆ ನಿಂತವರು ನಿಂತೇ ಕುಡಿಯಬಹುದಿತ್ತು.
ಒಂದೂವರೆಗೆ ಬಗ್ಗಬೇಕು.
ಫೌಜುದಾರ ಬಗ್ಗಿದ. ಕಂಡಕ್ಟರು ಬಗ್ಗಿದ.
ಮರ್ತೂರ ಸಾಹುಕಾರರ ಮಗ ಶಲ್ಯ ಒಂದು ಕೈಲಿ ಹಿಡಿದು,
ಅತ್ತ ಇತ್ತ ನೋಡಿ,
ಬಗ್ಗಿದ.

ಅಜ್ಜನನ್ನು ಕರೆತಂದದ್ದು ಅಮಾವಾಸ್ಯೆಯ ಮರುದಿನ.
ಅವನು ಲೋಟ ಎತ್ತಿ, ಬಾಯಿಗೆ ತಾಗಿಸದೆ
ಮೇಲಿನಿಂದ ಸುರಿದುಕೊಳ್ಳಲು ನೋಡಿದ.
ಸರಪಳಿ ಜಗ್ಗಿತು. ನೀರೆಲ್ಲ ಎದೆಗೆ.
‘ಕಚ್ಚಿ ಕುಡಿಯೋ ಯಪ್ಪಾ.’
ಬಹಳ ಹೊತ್ತು ಲೋಟದ ಅಂಚು ನೋಡಿದ.
ಆಮೇಲೆ ಕುಡಿದ, ಆರು ಲೋಟ.
ಹಿಂದೆ ಸಾಲಿನಲ್ಲಿದ್ದವರು ಗದರಿದರು, ‘ಹೊತ್ತಾತು ಮುದುಕಪ್ಪ.’
ಅಷ್ಟೇ ಗದರಿದರು. ಬೇರೇನೂ ಅನ್ನಲಿಲ್ಲ.
ಇದನ್ನು ಹೇಳುವಾಗ ಅಪ್ಪನಿಗೆ ಪ್ರತಿಸಲ ಕೆಮ್ಮು ಬರುತ್ತಿತ್ತು.

ಆಮೇಲೆ ಸೀಸೆ ಹಿಡಿದು ಒಬ್ಬ ಹುಡುಗಿ ಬಂದಳು,
ನೀರಿಗೆ ಎರಡು ಹನಿ ಏನೋ ಹಾಕಿ
ತಲೆ ಅಲ್ಲಾಡಿಸಿದಳು. ಫ್ಲೋರೈಡು.
ಕೂಡಿ ಕುಡಿದವರೆಲ್ಲ ಹಲ್ಲು ಕಿಸಿದು ನೋಡಿಕೊಂಡೆವು:
ಸಾಹುಕಾರರ ಮೊಮ್ಮಗನದೂ ನನ್ನದೂ
ಒಂದೇ ಕಂದು ಗೆರೆ.
ತೋಟಿಗೆ ಕೆಂಪು ಬಳಿದರು. ಬಳಿದವನು ಅಪ್ಪನೇ.

ಈಗ ಐದು ರೂಪಾಯಿ ಬಿಲ್ಲೆ ಹಾಕಿದರೆ
ಯಂತ್ರ ಗುರುಗುಟ್ಟಿ ಕ್ಯಾನು ತುಂಬುತ್ತದೆ.
ಕೊಡುವವರಿಲ್ಲ, ಬೇಡುವವರಿಲ್ಲ.
ಅವರವರ ಕ್ಯಾನು ಅವರವರ ಬೈಕಿಗೆ.
ತಪ್ಪೇನಿಲ್ಲ. ನಾನೂ ತರುತ್ತೇನೆ.

ಲೋಟ ಕಳುವಾಯಿತೆಂದು ರಿಜಿಸ್ಟರಿನಲ್ಲಿದೆ.
ನಿವೃತ್ತಿಯ ರಾತ್ರಿ ಗರಗಸ ಒಯ್ದವನು ಯಾರೆಂದು ಇಲ್ಲ.
ಅದು ನಮ್ಮ ಅಡುಗೆಮನೆಯ ನಾಗಂದಿಗೆಯ ಮೇಲೆ,
ಅಂಚಿಗೆ ಬೆಸೆದ ಬಳೆಯ ಸಮೇತ.
ಕುಡಿಯುವಾಗ ಬಳೆ ಟಣ್ಣೆಂದು ಮೂಗಿಗೆ ಬಡಿಯುತ್ತದೆ.

ಅಪ್ಪ ಕೊನೆತನಕ ಅದರಲ್ಲೇ ಕುಡಿದ,
ಪ್ರತಿಸಲ ಸೊಂಟ ಬಗ್ಗಿಸಿ.
‘ಮನ್ಯಾಗರ ನೆಟ್ಟಗ ಕುಂತು ಕುಡಿ’
ಅಂತ ಅವ್ವ ಬೈಯುತ್ತಿದ್ದಳು.